ಅಂಚಿನ ಮೇಲೆ ಅಂಚು: ಕೊಪ್ಪಳದ ಶಾಸನಗಳೂ ಜೋಡುಹಾಳೆಯ ಪಡಿಯಚ್ಚೂ

ಕಾಗದಕ್ಕೆ ಒಂದು ಮಿತಿಯಿದೆ. ಕೈಕಾಗದದ ಹಾಳೆ ತನ್ನನ್ನು ಎತ್ತಿದ ಚೌಕಟ್ಟಿಗಿಂತ ದೊಡ್ಡದಾಗಲಾರದು. ಮುದ್ರಿತ ಹಾಳೆ ಯಂತ್ರದ ಹಾಸನ್ನು ಮೀರಲಾರದು. ಆದರೆ ತೋರಿಸಬೇಕಾದ ಚಿತ್ರವೂ ಸಾರಬೇಕಾದ ಮಾತೂ ಈ ಮಿತಿಗೆ ಒಳಪಡುವುದಿಲ್ಲ. ಆದುದರಿಂದ ಒಂದನ್ನು ಹಲವಾಗಿ ಒಡೆದು ಅಚ್ಚು ಹಾಕಿ, ಮತ್ತೆ ಒಂದಾಗಿ ಕೂಡಿಸುವ ಉಪಾಯ ಮುದ್ರಣದ ಇತಿಹಾಸದಲ್ಲಿ ಬಹಳ ಹಿಂದೆಯೇ ಕಾಣಿಸಿಕೊಂಡಿತು. 1500ರಲ್ಲಿ ಯಾಕೊಪೊ ದೆ ಬಾರ್ಬರಿಯ ವೆನಿಸ್ ನಗರದೃಶ್ಯ ಆರು ಮರದಚ್ಚುಗಳಿಂದ ಆರು ಹಾಳೆಗಳ ಮೇಲೆ ಮೂಡಿತು. ಮ್ಯಾಕ್ಸಿಮಿಲಿಯನ್ ಚಕ್ರವರ್ತಿಗಾಗಿ ಆಲ್ಬ್ರೆಕ್ಟ್ ಡ್ಯೂರರ್ ಮತ್ತು ಅವನ ಸಂಗಡಿಗರು ರೂಪಿಸಿದ ವಿಜಯದ ಕಮಾನಿಗೆ 190ಕ್ಕೂ ಹೆಚ್ಚು ಮರದಚ್ಚುಗಳೂ 36 ಹಾಳೆಗಳೂ ಬೇಕಾದವು. ಜೋಡಿಸಿ ಗೋಡೆಗೆ ಏರಿಸಿದಾಗ ಅದರ ಎತ್ತರ ಸುಮಾರು ಮೂರೂವರೆ ಮೀಟರ್. ನಮ್ಮ ಕಾಲದ ಸಿನಿಮಾ ಭಿತ್ತಿಪತ್ರಗಳ ಗಾತ್ರವನ್ನು ಹೇಳುವುದೂ ಹಾಳೆಗಳ ಲೆಕ್ಕದಲ್ಲಿಯೇ: ಎರಡು ಶೀಟು, ಆರು ಶೀಟು, 24 ಶೀಟು.

ಜೈನ ಪರಂಪರೆಗೂ ಈ ವಿದ್ಯೆ ಅಪರಿಚಿತವಲ್ಲ. ಗುಜರಾತ, ರಾಜಸ್ಥಾನಗಳ ಶ್ವೇತಾಂಬರ ಸಂಘಗಳು ಚಾತುರ್ಮಾಸಕ್ಕೆ ಆಚಾರ್ಯರನ್ನು ಬರಮಾಡಿಕೊಳ್ಳಲು ಕಳುಹಿಸುತ್ತಿದ್ದ ವಿಜ್ಞಪ್ತಿಪತ್ರಗಳು ಕಾಗದಕ್ಕೆ ಕಾಗದ ಅಂಟಿಸಿದ ಉದ್ದನೆಯ ಚಿತ್ರಸುರುಳಿಗಳು. ಜಹಾಂಗೀರನ ಆಸ್ಥಾನವನ್ನೂ ಪರ್ಯುಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಲ್ಲಿಸಿದ ಆಜ್ಞೆಯ ಸಂದರ್ಭವನ್ನೂ ಚಿತ್ರಿಸಿದ 1610ರ ಆಗ್ರಾದ ಸುರುಳಿ ಅವುಗಳಲ್ಲಿ ಪ್ರಸಿದ್ಧವಾದುದು. ಅದರ ಚಿತ್ರಕಾರ ಶಾಲಿವಾಹನ.

ಈ ಎಲ್ಲ ಕೃತಿಗಳ ಹಿಂದೆ ಒಂದೇ ಸರಳ ನಿಯಮವಿದೆ. ಎರಡು ಹಾಳೆಗಳ ಅಂಚುಗಳನ್ನು ಒಂದಕ್ಕೊಂದು ತಾಗಿಸಿದರೆ ಸಾಲದು. ಒಂದರ ಅಂಚು ಮತ್ತೊಂದರ ಮೇಲೆ ಸ್ವಲ್ಪ ಹಾಯಬೇಕು. ಹಾಗೆ ಹಾಯ್ದ ಭಾಗದಲ್ಲಿ ಎರಡು ಹಾಳೆಗಳಿಗೂ ಸಮಾನವಾದ ಗೆರೆಯೋ ಅಕ್ಷರವೋ ಇದ್ದರೆ ಮಾತ್ರ ಜೋಡಣೆ ಸರಿಯಾಗಿದೆಯೆಂದು ಹೇಳಬಹುದು. ಅಂಚಿನ ಆ ಎರಡು ಬೆರಳಿನಷ್ಟು ಪುನರುಕ್ತಿಯೇ ಇಡೀ ಕೃತಿಯ ಪ್ರಮಾಣ. ಭಿತ್ತಿಪತ್ರ ಅಂಟಿಸುವವನ ಈ ನಿಯಮ ಇತಿಹಾಸಕಾರನಿಗೂ ಅನ್ವಯಿಸುತ್ತದೆ ಎಂಬುದನ್ನು ಕೊಪ್ಪಳದಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳಗಳು ಕರ್ನಾಟಕದಲ್ಲಿ ವಿರಳ. ಇಲ್ಲಿ ಹಾಳೆಗಳು ಹೋದದ್ದು ಗೋಡೆಯ ಕಡೆಗಲ್ಲ, ಬಂಡೆಯ ಕಡೆಗೆ. ಭಿತ್ತಿಪತ್ರ ಕಾಗದದ ಮಾತನ್ನು ಗೋಡೆಗೆ ಏರಿಸುತ್ತದೆ. ಶಾಸನದ ಪಡಿಯಚ್ಚು ಕಲ್ಲಿನ ಮಾತನ್ನು ಕಾಗದಕ್ಕೆ ಇಳಿಸುತ್ತದೆ. ದಿಕ್ಕು ಬೇರೆ, ಕಷ್ಟ ಒಂದೇ.

ಬಂಡೆಯೇ ಭಿತ್ತಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳನ್ನು ರಾಯಚೂರಿನಿಂದ ಬೇರ್ಪಡಿಸಿ ಕೊಪ್ಪಳ ಜಿಲ್ಲೆಯನ್ನು ರಚಿಸಿದ್ದು 1997ರಲ್ಲಿ. ಅದಕ್ಕೂ ಹಿಂದೆ ಈ ಸೀಮೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆಡಳಿತದ ಈ ಹಿನ್ನೆಲೆ ಇಲ್ಲಿ ಪ್ರಸ್ತುತ. ಮೈಸೂರು ಸಂಸ್ಥಾನದ ಶಾಸನಗಳನ್ನು ಬಿ. ಎಲ್. ರೈಸ್ 19ನೆಯ ಶತಮಾನದಲ್ಲಿಯೇ ಸಂಪುಟಗಳಾಗಿ ಪ್ರಕಟಿಸತೊಡಗಿದ್ದರು. ಹೈದರಾಬಾದಿನಲ್ಲಿ ಪುರಾತತ್ವ ಇಲಾಖೆ ಗುಲಾಮ್ ಯಾಜ್ದಾನಿಯವರ ನೇತೃತ್ವದಲ್ಲಿ ಆರಂಭವಾದುದು 1914ರಲ್ಲಿ. ಮರುವರ್ಷವೇ, 1915ರಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಆ ಶಾಸನವೇ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪ್ರಕಟಣೆಯಾಯಿತು. ಅಲ್ಲಿಯವರೆಗೆ 'ದೇವಾನಾಂಪ್ರಿಯ' ಎಂಬ ಬಿರುದಿನಿಂದ ಮಾತ್ರ ಪರಿಚಿತನಾಗಿದ್ದ ಶಾಸನಕರ್ತನ ಹೆಸರು ಅಶೋಕ ಎಂಬುದು ಮಸ್ಕಿಯ ಬಂಡೆಯಿಂದ ನಿಶ್ಚಿತವಾಯಿತು.

ಕೊಪ್ಪಳದ ಸರದಿ ಬಂದದ್ದು 1931ರಲ್ಲಿ. ಸ್ಥಳೀಯ ವಿದ್ವಾಂಸ ಎನ್. ಬಿ. ಶಾಸ್ತ್ರಿಗಳು ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಕಿರುಬಂಡೆ ಶಾಸನದ ಎರಡು ಪ್ರತಿಗಳನ್ನು ಗುರುತಿಸಿದರು. ಎರಡು ದೊಡ್ಡ ಗುಂಡುಗಳ ಮೇಲೆ ಮೇಲುಕಟ್ಟಿನಂತೆ ನಿಂತ ಚಪ್ಪಟೆ ಬಂಡೆಯಿಂದಾಗಿ ಪಾಲ್ಕಿಗುಂಡಿಗೆ, ಅಂದರೆ ಪಲ್ಲಕ್ಕಿಯ ಗುಂಡಿಗೆ, ಆ ಹೆಸರು. ಮರುವರ್ಷ ಲಂಡನ್ನಿನ ಸಂಸ್ಕೃತ ಪ್ರಾಧ್ಯಾಪಕ ಆರ್. ಎಲ್. ಟರ್ನರ್ ಇವನ್ನು ಸಂಪಾದಿಸಿದರು. ಹೈದರಾಬಾದ್ ಪುರಾತತ್ವ ಮಾಲೆಯ 10ನೆಯ ಪ್ರಕಟಣೆಯಾಗಿ ಅದು 1932ರಲ್ಲಿ ಹೊರಬಂದಿತು.

ಈ ಶಾಸನಗಳ ಸ್ವರೂಪವನ್ನು ನೆನೆದರೆ ಭಿತ್ತಿಪತ್ರದ ಹೋಲಿಕೆ ತಾನಾಗಿ ಒದಗುತ್ತದೆ. ದಾನಶಾಸನ ಒಂದು ಊರಿನ, ಒಂದು ಗುಡಿಯ ದಾಖಲೆ. ಅದರ ಪಾಠ ಅಲ್ಲಿಗೆ ಮಾತ್ರ ಸಲ್ಲುತ್ತದೆ. ಅಶೋಕನ ಕಿರುಶಾಸನ ಹಾಗಲ್ಲ. ಒಂದೇ ಸಂದೇಶ ಹಲವು ಊರುಗಳ ಬಳಿ, ಜನ ಕೂಡುವ ಅಥವಾ ಹಾದುಹೋಗುವ ಎಡೆಗಳಲ್ಲಿ, ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಕೊರೆಯಲ್ಪಟ್ಟಿದೆ. ಬಂಡೆಗಳ ಮೇಲೂ ಕಲ್ಲುಕಂಬಗಳ ಮೇಲೂ ಇದನ್ನು ಬರೆಸಬೇಕೆಂಬ ಆಜ್ಞೆ ರೂಪನಾಥ ಮತ್ತು ಸಹಸ್ರಾಮದ ಪಾಠಗಳಲ್ಲಿ ಉಳಿದಿದೆ. ಧರ್ಮಶ್ರದ್ಧೆಯ ಫಲ ದೊಡ್ಡವರಿಗಷ್ಟೇ ಅಲ್ಲ, ಸಾಮಾನ್ಯರಿಗೂ ಎಟುಕುತ್ತದೆ ಎಂಬುದು ಸಂದೇಶದ ಸಾರ. ಸಾಮಾನ್ಯರಿಗೆ ಸಾರಬೇಕಾದುದನ್ನು ಸಾಮಾನ್ಯರು ನಡೆಯುವ ದಾರಿಯಲ್ಲಿ ಬರೆಸಿದ ಈ ಕ್ರಮ ಸಾರ್ವಜನಿಕ ಪ್ರಕಟಣೆಯದೇ ಕ್ರಮ.

ಕಣ್ಣಿನ ಪ್ರತಿಯಿಂದ ಪಡಿಯಚ್ಚಿಗೆ

ಬಂಡೆಯನ್ನು ಗ್ರಂಥಾಲಯಕ್ಕೆ ಸಾಗಿಸಲಾಗದು. ಆದ್ದರಿಂದ ಶಾಸನಶಾಸ್ತ್ರ ಆರಂಭದಿಂದಲೂ ಪ್ರತಿಗಳ ಮೇಲೆ ನಿಂತಿರುವ ಶಾಸ್ತ್ರ. ಮೊದಲ ಘಟ್ಟದಲ್ಲಿ ಇದ್ದುದು ಕಣ್ಣಿನಿಂದ ನೋಡಿ ಕೈಯಿಂದ ಬರೆದ ಪ್ರತಿ. ಕನ್ನಡನಾಡಿನಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ತಮ್ಮ ಸಹಾಯಕರಿಂದ ಹೀಗೆ ಬರೆಸಿದ 595 ಶಾಸನಗಳ ಆಧಾರದಿಂದ 1830ರ ದಶಕದಲ್ಲಿ ದಕ್ಷಿಣದ ರಾಜವಂಶಗಳ ಚರಿತ್ರೆಯನ್ನು ರೂಪಿಸಿದರು. ಚಾಲುಕ್ಯರ ವಂಶಾವಳಿಯ ಮೊದಲ ಬಾಹ್ಯರೇಖೆ ದೊರೆತದ್ದು ಆ ಶ್ರಮದಿಂದ. ಆದರೆ ಕೈಬರಹದ ಪ್ರತಿಯಲ್ಲಿ ಕಲ್ಲಿನ ಅಕ್ಷರ ಲಿಪಿಕಾರನ ಮನಸ್ಸನ್ನು ದಾಟಿಯೇ ಕಾಗದಕ್ಕೆ ಬರಬೇಕು. ಅವನಿಗೆ ತಿಳಿದ ಪದ ಅವನಿಗೆ ಕಲ್ಲಿನಲ್ಲಿಯೂ ಕಾಣುತ್ತದೆ. ತಿಳಿಯದ ಪದ ತಿಳಿದ ಪದವಾಗಿ ಮಾರ್ಪಡುತ್ತದೆ. ಹಳಗನ್ನಡ ಲಿಪಿಯಲ್ಲಿ ಮಕಾರ ವಕಾರಗಳು ಎಷ್ಟು ಸಮೀಪವೆಂಬುದನ್ನು ಬಲ್ಲವರಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಪಡಿಯಚ್ಚು. ಕಲ್ಲಿನ ಮೇಲೆ ಕಾಗದವಿಟ್ಟು ಮಸಿಯಿಂದ ಅಚ್ಚೆತ್ತುವ ಕಲೆ ಚೀನಾದಲ್ಲಿ ಟ್ಯಾಂಗ್ ಅರಸರ ಕಾಲಕ್ಕಾಗಲೇ ಬಳಕೆಯಲ್ಲಿತ್ತು. ಭಾರತದಲ್ಲಿ ಅದು ಇಲಾಖೆಯ ನಿತ್ಯಪದ್ಧತಿಯಾಗಿ ನೆಲೆಗೊಂಡದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ. 1883ರಲ್ಲಿ ಸರ್ಕಾರದ ಶಾಸನತಜ್ಞರಾಗಿ ನೇಮಕಗೊಂಡ ಜೆ. ಎಫ್. ಫ್ಲೀಟ್, ಪ್ರಕಟಿಸುವ ಚಿತ್ರಫಲಕದಲ್ಲಿ ಸಂಪಾದಕನ ಕೈ ಆಡಬಾರದು, ಅಚ್ಚಿನಲ್ಲಿ ಬಂದುದು ಬಂದಂತೆಯೇ ಯಾಂತ್ರಿಕವಾಗಿ ಮುದ್ರಿತವಾಗಬೇಕು ಎಂಬ ನಿಲುವು ತಳೆದರು. 1888ರಲ್ಲಿ ಪ್ರಕಟವಾದ ಅವರ ಗುಪ್ತರ ಶಾಸನಸಂಪುಟ ಈ ನಿಲುವಿನ ಫಲ. ಓದುಗನಿಗೆ ಸಂಪಾದಕನ ಪಾಠದೊಡನೆ ಅದನ್ನು ಪ್ರಶ್ನಿಸುವ ಸಾಧನವೂ ಒಟ್ಟಿಗೇ ದೊರೆತಂತಾಯಿತು.

ಪಡಿಯಚ್ಚಿನ ವಿಧಾನ ನೋಡಲು ಸರಳ. ಮೊದಲು ಕಲ್ಲಿನ ಮೇಲಿನ ಹಾವಸೆ, ಮಣ್ಣು, ಎಣ್ಣೆಯ ಜಿಡ್ಡನ್ನು ಬ್ರಷ್ಷು ಮತ್ತು ನೀರಿನಿಂದ ತೆಗೆಯಬೇಕು. ನೀರು ಹೀರುವ, ಆದರೆ ಹರಿಯದ ಗಟ್ಟಿ ಕಾಗದವನ್ನು ನೆನೆಸಿ ಕಲ್ಲಿಗೆ ಹಚ್ಚಬೇಕು. ಕಾಗದದಡಿ ಗಾಳಿ ಉಳಿಯದಂತೆ ನಡುವಿನಿಂದ ಅಂಚಿನ ಕಡೆಗೆ ಒತ್ತಿ, ಬಿರುಸು ಕೂದಲಿನ ಬ್ರಷ್ಷಿನಿಂದ ಹದವಾಗಿ ಬಡಿಯುತ್ತ ಹೋದರೆ ಕಾಗದ ಅಕ್ಷರದ ತಗ್ಗುಗಳಿಗೆ ಇಳಿಯುತ್ತದೆ. ಅರ್ಧ ಒಣಗಿದಾಗ, ದೀಪದ ಕಾಡಿಗೆಗೆ ಗೋಂದು ಬೆರೆಸಿದ ಮಸಿಯನ್ನು ಬಟ್ಟೆಯ ಉಂಡೆಯಿಂದ ಮೇಲ್ಮೈಗೆ ಮಾತ್ರ ತಟ್ಟಬೇಕು. ತಗ್ಗಿಗೆ ಇಳಿದ ಭಾಗಕ್ಕೆ ಮಸಿ ತಾಗುವುದಿಲ್ಲ. ಕಪ್ಪು ನೆಲದಲ್ಲಿ ಅಕ್ಷರಗಳು ಬೆಳ್ಳಗೆ ನಿಲ್ಲುತ್ತವೆ. ಪೂರ್ತಿ ಒಣಗಿದ ಮೇಲೆ ಹಾಳೆಯನ್ನು ಬಿಡಿಸಿದರೆ ಕಲ್ಲಿನ ಬರಹ ಅಡಿಯಿಂದ ಮುಡಿಯವರೆಗೆ ತನ್ನದೇ ಅಳತೆಯಲ್ಲಿ ಕೈಗೆ ಬರುತ್ತದೆ.

ತನ್ನದೇ ಅಳತೆಯಲ್ಲಿ ಬರುವುದೇ ಇಲ್ಲಿನ ತೊಡಕು. ಚಿಕ್ಕ ನಿಷಿಧಿಗಲ್ಲಿಗೆ ಒಂದು ಹಾಳೆ ಸಾಕು. ಬಂಡೆಯ ಮೇಲೆ ಅಡ್ಡಲಾಗಿ ಹರಡಿದ ಬರಹಕ್ಕೂ ಆಳೆತ್ತರದ ಶಿಲಾಪಟ್ಟಕ್ಕೂ ಹಲವು ಹಾಳೆ ಬೇಕು. ಅಲ್ಲಿಂದ ಜೋಡಣೆಯ ಸಮಸ್ಯೆ ಆರಂಭವಾಗುತ್ತದೆ.

ಜೋಡಿನಲ್ಲಿ ಕಳೆಯುವ ಅಕ್ಷರ

ಜೋಡುಹಾಳೆಯ ಪಡಿಯಚ್ಚಿನಲ್ಲಿ ಮೂರು ಬಗೆಯ ದೋಷಗಳು ಸಂಭವಿಸುತ್ತವೆ. ಮೊದಲನೆಯದು ಬಿರುಕು: ಎರಡು ಹಾಳೆಗಳು ಅಂಚಿಗೆ ಅಂಚು ತಾಗಿದ್ದರೆ, ಒಣಗುವಾಗ ಕಾಗದ ಕುಗ್ಗಿ ನಡುವೆ ಸಂದು ಬೀಳುತ್ತದೆ. ಆ ಸಂದಿನಲ್ಲಿ ಇಡೀ ಅಕ್ಷರ ಹೋಗಬೇಕೆಂದಿಲ್ಲ. ಕನ್ನಡ ಬರಹದ ಸ್ವರೂಪದಿಂದಾಗಿ ಅಕ್ಷರದ ಅಂಗವೊಂದು ಹೋದರೂ ಸಾಕು. ಅಡ್ಡ ಜೋಡು ಸಾಲಿನ ನಡುವೆ ಹಾಯ್ದರೆ ತಲೆಕಟ್ಟು ಮೇಲಿನ ಹಾಳೆಯಲ್ಲಿಯೂ ಒತ್ತಕ್ಷರ ಕೆಳಗಿನ ಹಾಳೆಯಲ್ಲಿಯೂ ಉಳಿಯುತ್ತವೆ. ಒತ್ತು ಕಳೆದ ಪದ ಬೇರೆಯೇ ಪದವಾಗಬಹುದು. ಶಕವರ್ಷದ ಕೊನೆಯ ಅಂಕಿ ಕಳೆದರೆ ಒಬ್ಬ ಅರಸನ ಕಾಲದ ಘಟನೆ ಅವನ ಮಗನ ಕಾಲಕ್ಕೆ ಸರಿಯಬಹುದು.

ಎರಡನೆಯದು ಇಮ್ಮಡಿ: ಹಾಳೆಗಳು ಒಂದರ ಮೇಲೊಂದು ಹಾಯ್ದಿದ್ದು, ಎಷ್ಟು ಹಾಯ್ದಿವೆಯೆಂಬ ಗುರುತು ಇಲ್ಲದಿದ್ದರೆ, ಒಂದೇ ಸಾಲು ಎರಡು ಹಾಳೆಗಳಲ್ಲಿ ಮೂಡಿ ಎರಡು ಸಾಲೆಂದು ಎಣಿಕೆಯಾಗುತ್ತದೆ. ಮೂರನೆಯದು ಜಾರು: ಅಗಲವಾದ ಬಂಡೆಯ ಮೇಲೆ ಎಡದ ಹಾಳೆಗೂ ಬಲದ ಹಾಳೆಗೂ ಮಟ್ಟ ತಪ್ಪಿದರೆ ಎಡದ ಐದನೆಯ ಸಾಲು ಬಲದ ಆರನೆಯ ಸಾಲಿಗೆ ಕೂಡಿಕೊಳ್ಳುತ್ತದೆ. ಬಂಡೆಬರಹದಲ್ಲಿ ಸಾಲುಗಳು ಗೆರೆ ಎಳೆದಂತೆ ನೇರವಿರುವುದಿಲ್ಲ. ಕಲ್ಲಿನ ಉಬ್ಬುತಗ್ಗನ್ನು ಅನುಸರಿಸಿ ಏರಿ ಇಳಿಯುತ್ತವೆ. ಆದುದರಿಂದ ಮೂರು ದೋಷಗಳಲ್ಲಿ ಅತ್ಯಂತ ಅಪಾಯಕರವಾದುದು ಇದೇ. ಬಿರುಕು ಕಣ್ಣಿಗೆ ಕಾಣುತ್ತದೆ; ಜಾರು ಕಾಣುವುದಿಲ್ಲ. ಅದು ಓದಲು ಬರುವ, ಆದರೆ ಕಲ್ಲಿನಲ್ಲಿ ಇಲ್ಲದ ವಾಕ್ಯವನ್ನು ಹುಟ್ಟಿಸುತ್ತದೆ.

ನುರಿತವರು ಈ ಮೂರಕ್ಕೂ ಒಂದೇ ಮದ್ದು ಬಳಸುತ್ತಾರೆ. ಪ್ರತಿ ಹಾಳೆಯೂ ಹಿಂದಿನದರ ಮೇಲೆ ಹಾಯುವಂತೆ ಹಾಸುವುದು. ಹಾಯ್ದ ಭಾಗದಲ್ಲಿ ಕೆಲವು ಅಕ್ಷರಗಳಾದರೂ ಎರಡು ಕಡೆಯೂ ಬರುವಂತೆ ನೋಡಿಕೊಳ್ಳುವುದು. ಹಾಳೆಯನ್ನು ಕಲ್ಲಿನಿಂದ ಬಿಡಿಸುವ ಮೊದಲೇ ಅದರ ಸಂಖ್ಯೆ, ಮೇಲು ಕೆಳಗು, ಪಕ್ಕದ ಹಾಳೆ ಯಾವುದು ಎಂಬುದನ್ನು ಗುರುತು ಮಾಡುವುದು. ಎರಡು ಹಾಳೆಗಳಲ್ಲಿಯೂ ಮೂಡಿದ ಅಕ್ಷರ ಒಂದರ ಮೇಲೊಂದು ಸರಿಯಾಗಿ ಕೂತರೆ ಜೋಡು ಸಿದ್ಧ. ಕೂರದಿದ್ದರೆ ಮತ್ತೆ ನೀರು, ಮತ್ತೆ ಕಾಗದ. ಈ ಕೆಲಸ ಮಾಡಿದ ಇಲಾಖೆಯ ನೌಕರರ ಹೆಸರು ಪ್ರಕಟಿತ ಸಂಪುಟಗಳ ಮುಖಪುಟದಲ್ಲಿ ಬರುವುದಿಲ್ಲ. ಆದರೆ ಸಂಪಾದಕನ ಪಾಠದ ನೆಚ್ಚಿಕೆ ಅವರ ಅಂಚಿನ ಎಚ್ಚರವನ್ನು ಮೀರಲಾರದು.

ಹಾಳೆಗಳ ಪಯಣ

ಇಷ್ಟು ಎಚ್ಚರ ಏಕೆ ಬೇಕಾಯಿತು? ಹಾಳೆಯನ್ನು ಎತ್ತಿದವನು ಒಂದು ಕಡೆ, ಓದುವವನು ಮತ್ತೊಂದು ಕಡೆ ಇದ್ದುದರಿಂದ. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯದ 1112ರ ಶಾಸನ, ಆ ಗುಡಿಯನ್ನು ದೇವಾಲಯಗಳ ಚಕ್ರವರ್ತಿ ಎಂದು ಕೊಂಡಾಡಿದುದಕ್ಕಾಗಿ ಕನ್ನಡಿಗರೆಲ್ಲರಿಗೂ ಪರಿಚಿತ. ಆ ದೀರ್ಘ ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಸಂಪಾದಿಸಿದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕೆಲಸ ಮಾಡುತ್ತಿದ್ದ ಎಲ್. ಡಿ. ಬಾರ್ನೆಟ್. 1917ರಲ್ಲಿ ಫ್ಲೀಟ್ ನಿಧನರಾದ ಮೇಲೆ ಅವರ ಪಡಿಯಚ್ಚುಗಳ ಸಂಗ್ರಹ ಅದೇ ಮ್ಯೂಸಿಯಂಗೆ ಸೇರಿತು. ಧಾರವಾಡ, ಬೆಳಗಾವಿ ಸೀಮೆಗಳ ಅನೇಕ ಕನ್ನಡ ಶಾಸನಗಳನ್ನು ಬಾರ್ನೆಟ್ ಆ ಹಾಳೆಗಳಿಂದಲೇ ಓದಿ ಪ್ರಕಟಿಸಿದರು. ಅನುಮಾನ ಬಂದಾಗ ಎದ್ದುಹೋಗಿ ಕಲ್ಲನ್ನು ಮುಟ್ಟಿ ನೋಡುವ ಅವಕಾಶ ಅಂತಹ ಓದುಗನಿಗಿಲ್ಲ. ಅವನ ಪಾಲಿಗೆ ಹಾಳೆಯೇ ಕಲ್ಲು.

ಹಾಳೆಯ ಆಯುಷ್ಯವಾದರೂ ಕಲ್ಲಿನದಲ್ಲ. ಇರಾನಿನ ಬೆಹಿಸ್ತೂನಿನಲ್ಲಿ ಕಡಿದಾದ ಬಂಡೆಯ ಎತ್ತರದಲ್ಲಿದ್ದ ಬ್ಯಾಬಿಲೋನಿಯನ್ ಬರಹದ ಕಾಗದದ ಅಚ್ಚುಗಳನ್ನು ಹೆನ್ರಿ ರಾಲಿನ್ಸನ್ 1847ರಲ್ಲಿ ಒಬ್ಬ ಕುರ್ದಿಷ್ ಹುಡುಗನನ್ನು ಹಗ್ಗಗಳ ನೆರವಿನಿಂದ ಏರಿಸಿ ತೆಗೆಸಿದ. ಪ್ರಾಣವನ್ನು ಪಣಕ್ಕಿಟ್ಟು ತಂದ ಆ ಕಾಗದಗಳಿಗೆ ಮುಂದೆ ಲಂಡನ್ನಿನಲ್ಲಿ ಇಲಿ ಬಿದ್ದವೆಂಬುದು ಪ್ರಸಿದ್ಧ ವೃತ್ತಾಂತ. ಕರ್ನಾಟಕದ ಮಟ್ಟಿಗೆ ಈ ಎಚ್ಚರಿಕೆ ದೂರದ್ದಲ್ಲ. ಕೆಂಪು ಗ್ರಾನೈಟಿಗೆ ಹೆಸರಾದ ಕುಷ್ಟಗಿ, ಇಳಕಲ್ಲಿನ ಸೀಮೆಯಲ್ಲಿ ಬಂಡೆಯೂ ಮಾರುಕಟ್ಟೆಯ ಸರಕು. ಹೊಲ ಹಸನು ಮಾಡುವಾಗ, ಗುಡಿಯ ಜೀರ್ಣೋದ್ಧಾರದಲ್ಲಿ, ರಸ್ತೆಯ ಅಗಲೀಕರಣದಲ್ಲಿ ಕಲ್ಲೊಂದು ಕಳೆದುಹೋದರೆ ಮುಂದೆ ಜೋಡುಹಾಳೆಯೊಂದೇ ಸಾಕ್ಷಿ. ಆಗ ಜೋಡಿನಲ್ಲಿ ಕಳೆದ ಅಕ್ಷರ ಶಾಶ್ವತವಾಗಿ ಕಳೆದಂತೆ.

ಪಾಠಕ್ಕೆ ಪಾಠ ಜೋಡಿಸುವುದು

ಕಾಗದದ ಜೋಡಣೆಯ ಹಿಂದಿರುವ ತತ್ತ್ವ ಪಾಠದ ಜೋಡಣೆಗೂ ಸಲ್ಲುತ್ತದೆ. 1892ರಲ್ಲಿ ರೈಸ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಕಂಡ ಅಶೋಕನ ಮೂರು ಪ್ರತಿಗಳಲ್ಲಿ ಬ್ರಹ್ಮಗಿರಿಯದು ಚೆನ್ನಾಗಿ ಉಳಿದಿದೆ. ಜಟಿಂಗರಾಮೇಶ್ವರದ್ದು ಬಹಳ ಸವೆದಿದೆ. ಒಂದರಲ್ಲಿ ಅಳಿದುದನ್ನು ಮತ್ತೊಂದರಿಂದ ತುಂಬಿಕೊಂಡು ವಿದ್ವಾಂಸರು ಪಾಠವನ್ನು ನಿಲ್ಲಿಸಿದರು. ಕೊಪ್ಪಳದಲ್ಲಿಯೂ ಸ್ಥಿತಿ ಇದೇ. ಗವಿಮಠದ ಪಾಠ ಬಹುಮಟ್ಟಿಗೆ ಸ್ಪಷ್ಟ. ಪಾಲ್ಕಿಗುಂಡಿನದು ಮಳೆಗಾಳಿಗೆ ಸವೆದು ಅಲ್ಲಲ್ಲಿ ಕೆಲವು ಅಕ್ಷರಗಳನ್ನಷ್ಟೇ ಉಳಿಸಿಕೊಂಡಿದೆ. ಆ ಅಕ್ಷರಗಳು ಬಿಡಿಯಾಗಿ ಏನನ್ನೂ ಹೇಳುವುದಿಲ್ಲ. ಗವಿಮಠದ ಪಾಠದ ಪಕ್ಕದಲ್ಲಿಟ್ಟಾಗ ಅವು ಯಾವ ಸಾಲಿನ, ಯಾವ ಪದದ ತುಣುಕುಗಳೆಂಬುದು ತಿಳಿಯುತ್ತದೆ.

ಇಲ್ಲಿಯೂ ಪ್ರಮಾಣ ಹಾಯ್ದ ಅಂಚೇ. ಎರಡು ಪಾಠಗಳಲ್ಲಿಯೂ ಉಳಿದ ಸಮಾನ ಅಕ್ಷರಗಳಿಂದ ಪಾಲ್ಕಿಗುಂಡಿನದು ಅದೇ ಶಾಸನವೆಂದು ಸಿದ್ಧವಾಗುತ್ತದೆ. ಆದರೆ ಪಾಲ್ಕಿಗುಂಡಿನಲ್ಲಿ ಪೂರ್ತಿ ಅಳಿದ ಜಾಗದಲ್ಲಿ ಗವಿಮಠದ ಪದವನ್ನೇ ಇಡುವುದು ಓದಲ್ಲ, ಊಹೆ. ಒಂದೇ ಸಂದೇಶದ ಪ್ರತಿಗಳಲ್ಲಿ ಊರಿಂದೂರಿಗೆ ಪದವ್ಯತ್ಯಾಸವಿದೆಯೆಂಬುದು ಗೊತ್ತಿರುವಾಗ, ಅಳಿದ ಜಾಗದಲ್ಲಿ ಬೇರೆ ರೂಪವಿದ್ದಿರಲಾರದು ಎಂದು ಯಾರೂ ಹೇಳಲಾರರು. ಆದುದರಿಂದಲೇ ಸಂಪಾದಕರು ಊಹಿಸಿ ತುಂಬಿದ ಅಕ್ಷರಗಳನ್ನು ಕಂಸದೊಳಗೆ ಇಡುತ್ತಾರೆ. ಕಂಸವೆಂದರೆ ಪಾಠದಲ್ಲಿ ಕಾಣುವಂತೆ ಬಿಟ್ಟ ಜೋಡು. ಅನಂತರದ ಪುಸ್ತಕಗಳಲ್ಲಿ ಆ ಕಂಸಗಳು ಕಳಚಿಬಿದ್ದಾಗ ಊಹೆ ಶಾಸನವಾಗಿಬಿಡುತ್ತದೆ.

ಕೊಪಣ: ಚದುರಿದ ಹಾಳೆಗಳ ಊರು

ಈ ದೃಷ್ಟಿಯಿಂದ ನೋಡಿದರೆ ಕೊಪಣತೀರ್ಥದ ಚರಿತ್ರೆಯೂ ಜೋಡುಹಾಳೆಯ ಕೃತಿಯೇ. ಅದರ ಹಾಳೆಗಳು ಬಹುದೂರ ಚದುರಿವೆ. ಒಂದು ಕವಿರಾಜಮಾರ್ಗದಲ್ಲಿದೆ: ತಿರುಳ್ಗನ್ನಡದ ನಾಡನ್ನು ಗುರುತಿಸುವ ನಾಲ್ಕು ಊರುಗಳಲ್ಲಿ ಕೊಪಣನಗರವೂ ಸೇರಿದೆ. ಒಂದು ಶ್ರವಣಬೆಳಗೊಳದ ಕಲ್ಲುಗಳಲ್ಲಿದೆ: ಹೊಯ್ಸಳರ ದಂಡನಾಯಕ ಗಂಗರಾಜ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿ ಗಂಗವಾಡಿಯನ್ನು ಕೊಪಣದಂತೆ ಮಾಡಿದನೆಂಬ ಹೊಗಳಿಕೆ ಅಲ್ಲಿ ಬರುತ್ತದೆ, ಹುಳ್ಳನೆಂಬ ದಂಡನಾಯಕ ಕೊಪಣದ ಮುನಿಸಮುದಾಯಕ್ಕೆ ದತ್ತಿ ಬಿಟ್ಟುದೂ ದಾಖಲಾಗಿದೆ. ಮತ್ತೊಂದು ಕೊಪ್ಪಳದ ಬೆಟ್ಟಗಳಲ್ಲಿಯೇ ಇದೆ. ಇನ್ನೊಂದು ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹದಲ್ಲಿದೆ: ಜಹಗೀರಿನ ಸಂಬಂಧದಿಂದ ಅಲ್ಲಿಗೆ ಹೋದ ಚತುರ್ವಿಂಶತಿ ತೀರ್ಥಂಕರ ಬಿಂಬದ ಬರಹ ಅದನ್ನು ಮಾಡಿಸಿದವನು ಕೊಪಣದ ಬೋಪಣ್ಣನೆಂದು ತಿಳಿಸುತ್ತದೆ.

ಕೊಪ್ಪಳದ ಕನ್ನಡ ಶಾಸನಗಳನ್ನು ಒಟ್ಟುಗೂಡಿಸಿ ಸಿ. ಆರ್. ಕೃಷ್ಣಮಾಚಾರ್ಲು ಸಂಪಾದಿಸಿದ ಪುಸ್ತಕ ಹೈದರಾಬಾದ್ ಮಾಲೆಯ 12ನೆಯ ಪ್ರಕಟಣೆಯಾಗಿ 1935ರಲ್ಲಿ ಬಂದಿತು. ಶಕವರ್ಷ 803ರ, ಅಂದರೆ ಕ್ರಿ.ಶ. 881ರ, ಕುಂದಕುಂದಾನ್ವಯದ ಸರ್ವನಂದಿ ಭಟಾರರ ಸ್ಮರಣೆಯಂತಹ ದಾಖಲೆಗಳು ಈ ಬೆಟ್ಟಗಳಲ್ಲಿ ಮುನಿಗಳು ನೆಲೆಸಿ, ಉಪದೇಶಿಸಿ, ಸಮಾಧಿಮರಣವನ್ನು ಹೊಂದುತ್ತಿದ್ದರೆಂಬುದನ್ನು ಸ್ಥಳದಲ್ಲಿಯೇ ಸಿದ್ಧಪಡಿಸಿದವು. 1957ರಲ್ಲಿ ಪಿ. ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮವನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ಸಾಮಗ್ರಿಯನ್ನು ವಿಸ್ತರಿಸಿದರು. ಸಾಹಿತ್ಯದ ಕೊಪಣವೂ ಬೆಟ್ಟದ ಕೊಪ್ಪಳವೂ ಒಂದೇ ಎಂಬ ಜೋಡಣೆ ಗಟ್ಟಿಯಾಗಿರುವುದು ಹೆಸರಿನ ಹೋಲಿಕೆಯಿಂದಲ್ಲ. ಹೊರಗಿನ ದಾಖಲೆಗಳು ಹೇಳುವ ಮಹಾತೀರ್ಥದ ಲಕ್ಷಣವೂ, ಸ್ಥಳದ ದಾಖಲೆಗಳು ತೋರಿಸುವ ಮುನಿಗಳ ನಿರಂತರ ನೆಲೆಯೂ ಒಂದರ ಮೇಲೊಂದು ಹಾಯುತ್ತವೆ.

ಜಟಾಸಿಂಹನಂದಿಯ ವಿಷಯ ಇನ್ನೂ ಸೂಕ್ಷ್ಮ. ವರಾಂಗಚರಿತವೆಂಬ ಸಂಸ್ಕೃತ ಮಹಾಕಾವ್ಯವನ್ನು ಆ. ನೇ. ಉಪಾಧ್ಯೆಯವರು 1938ರಲ್ಲಿ ಮ್ಯಾಣಿಕ್‌ಚಂದ್ರ ಗ್ರಂಥಮಾಲೆಯಲ್ಲಿ ಸಂಪಾದಿಸಿದಾಗ, ಅವರ ಮುಂದಿದ್ದ ಹಸ್ತಪ್ರತಿಗಳ ಸಂಧಿವಾಕ್ಯಗಳಲ್ಲಿ ಕವಿಯ ಹೆಸರಿರಲಿಲ್ಲ. ಕೃತಿಗೂ ಕರ್ತೃವಿಗೂ ಜೋಡು ದೊರೆತದ್ದು ಬೇರೆ ಗ್ರಂಥಗಳಿಂದ. 779ರ ಕುವಲಯಮಾಲೆಯಲ್ಲಿ ಉದ್ದ್ಯೋತನಸೂರಿ ವರಾಂಗಚರಿತದ ಕರ್ತೃವೆಂದು ಜಟಿಲನನ್ನು ನೆನೆದಿದ್ದಾನೆ. 978ರ ಚಾವುಂಡರಾಯ ಪುರಾಣದಲ್ಲಿ ಈ ಕಾವ್ಯದ ಪದ್ಯವೊಂದು ಜಟಾಸಿಂಹನಂದ್ಯಾಚಾರ್ಯರ ಹೆಸರಿನೊಡನೆ ಉದ್ಧೃತವಾಗಿದೆ. ಪದ್ಯ ಕಾವ್ಯದಲ್ಲಿದೆ, ಪುರಾಣದಲ್ಲಿಯೂ ಇದೆ, ಹೆಸರು ಪುರಾಣದಲ್ಲಿದೆ. ಒಂದೇ ಪದ್ಯ ಎರಡು ಹಾಳೆಗಳಲ್ಲಿಯೂ ಮೂಡಿರುವುದರಿಂದ ಇದು ಹಾಯ್ದ ಅಂಚಿನ ಆದರ್ಶ ಉದಾಹರಣೆ.

ಇನ್ನು ಪಾಲ್ಕಿಗುಂಡಿನ ಬೆಟ್ಟದಲ್ಲಿ, ಅಶೋಕನ ಶಾಸನಕ್ಕೆ ಸಮೀಪದಲ್ಲಿ, ಬಂಡೆಯ ಮೇಲೆ ಜೋಡಿ ಪಾದಗಳ ಕೆತ್ತನೆಯಿದೆ. ಅದರ ಬಳಿಯ ಹಳಗನ್ನಡದ ಎರಡು ಸಾಲಿನ ಬರಹ, ಜಟಾಸಿಂಗನಂದಿ ಆಚಾರ್ಯರ ಪಾದವನ್ನು ಚಾವಯ್ಯನೆಂಬವನು ಮಾಡಿಸಿದನೆಂದು ತಿಳಿಸುತ್ತದೆ. ಕಾಲದ ಉಲ್ಲೇಖವಿಲ್ಲ, ಕಾವ್ಯದ ಹೆಸರಿಲ್ಲ. ಈ ಆಚಾರ್ಯರೇ ವರಾಂಗಚರಿತದ ಕವಿಯೆಂದು, ಅವರು ಕೊಪಣದಲ್ಲಿ ದೇಹತ್ಯಾಗ ಮಾಡಿದರೆಂದು ವಿದ್ವಾಂಸರು ಭಾವಿಸಿದ್ದಾರೆ. ಅದು ಸಂಭವನೀಯ, ಬಹುಮಟ್ಟಿಗೆ ಒಪ್ಪಬಹುದಾದುದು: ಹೆಸರು ಅಪರೂಪದ್ದು, ಸ್ಥಳ ಮಹಾತೀರ್ಥ. ಆದರೂ ಇದು ಮೊದಲನೆಯ ಜೋಡಿನಷ್ಟು ಬಿಗಿಯಾದುದಲ್ಲ. ಅಲ್ಲಿ ಪದ್ಯವೇ ಎರಡೂ ಕಡೆ ಇದೆ. ಇಲ್ಲಿ ಹೆಸರು ಮಾತ್ರ ಇದೆ. ಎರಡನ್ನೂ ಒಂದೇ ಉಸಿರಿನಲ್ಲಿ 'ಶಾಸನದಿಂದ ಸಿದ್ಧ' ಎಂದು ಬರೆಯುವುದು ಎರಡು ಬೇರೆ ದಪ್ಪದ ಅಂಟನ್ನು ಒಂದೆಂದು ಎಣಿಸಿದಂತೆ.

ಅಂಚು ತಾಗಿದರೂ ಅಕ್ಷರ ಕೂಡದ ಜೋಡಿಗೆ ಕೊಪ್ಪಳವೇ ಉದಾಹರಣೆ ಒದಗಿಸುತ್ತದೆ. 1054ರಲ್ಲಿ ಚೋಳ ರಾಜಾಧಿರಾಜ ಆನೆಯ ಮೇಲೆ ಮಡಿದ ಕೊಪ್ಪಂ ಯುದ್ಧದ ಸ್ಥಳ ಕೊಪ್ಪಳವೇ ಎಂದು ಕೆಲವರು ಹೇಳಿದ್ದಾರೆ. ಫ್ಲೀಟ್ ಅದನ್ನು ಕೃಷ್ಣಾತೀರದ ಖಿದ್ರಾಪುರವೆಂದು ಗುರುತಿಸಿದರು. ಚೋಳರ ಶಾಸನಗಳು ಕೊಪ್ಪಂ ಒಂದು ದೊಡ್ಡ ನದಿಯ ದಡದಲ್ಲಿತ್ತೆಂದು ಹೇಳುತ್ತವೆ. ಕೊಪ್ಪಳ ನದೀತೀರದ ಊರಲ್ಲ, ತುಂಗಭದ್ರೆ ಅಲ್ಲಿಂದ ದೂರದಲ್ಲಿ ಹರಿಯುತ್ತದೆ. ಹೆಸರಿನ ಧ್ವನಿ ಹತ್ತಿರ ಬಂದಿದೆ, ಭೂಗೋಳ ಕೂಡಿಲ್ಲ. ಪಡಿಯಚ್ಚಿನ ಭಾಷೆಯಲ್ಲಿ ಹೇಳುವುದಾದರೆ ಇದು ಜಾರಿದ ಹಾಳೆ: ಎಡದ ಸಾಲು ಬಲದ ಬೇರೊಂದು ಸಾಲಿಗೆ ಕೂಡಿ, ಓದಲು ಬರುವ ವಾಕ್ಯವನ್ನು ಉಂಟುಮಾಡಿದೆ. ಊರಿನ ಹಿರಿಮೆಗೆ ಒಂದು ಯುದ್ಧ ಸೇರಿದರೆ ಸಂತೋಷವೇ. ಆದರೆ ಕೊಪಣದ ಹಿರಿಮೆ ಇಂತಹ ಸಾಲದ ಮೇಲೆ ನಿಂತಿಲ್ಲ.

ಇಂದಿನ ಜೋಡು

ಈಗ ಕ್ಯಾಮೆರಾ ಮತ್ತು ಗಣಕಯಂತ್ರಗಳು ಈ ಕೆಲಸಕ್ಕೆ ಇಳಿದಿವೆ. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ವರ್ಣಚಿತ್ರಗಳಂತಹ ಕಡೆ ಒದ್ದೆ ಕಾಗದ ಹಚ್ಚುವಂತೆಯೇ ಇಲ್ಲ; ಅಲ್ಲಿ ಛಾಯಾಚಿತ್ರವೇ ದಾರಿ. ದೊಡ್ಡ ಬಂಡೆಯನ್ನು ತುಂಡುತುಂಡಾಗಿ ಚಿತ್ರೀಕರಿಸಿ ಜೋಡಿಸುವಾಗಲೂ ಹಳೆಯ ನಿಯಮ ಬದಲಾಗಿಲ್ಲ: ಪಕ್ಕಪಕ್ಕದ ಎರಡು ಚಿತ್ರಗಳು ಅರ್ಧಕ್ಕಿಂತ ಹೆಚ್ಚು, ಸಾಮಾನ್ಯವಾಗಿ ಶೇಕಡಾ 60ರಷ್ಟು, ಒಂದರ ಮೇಲೊಂದು ಹಾಯಬೇಕು. ಎರಡು ಬೆರಳಿನ ಅಂಚು ಬೆಳೆದು ಚಿತ್ರದ ಬಹುಭಾಗವೇ ಆಗಿದೆ. ಆದರೆ ಒಂದು ವ್ಯತ್ಯಾಸವುಂಟು. ಕಾಗದದ ಜೋಡು ಕಣ್ಣಿಗೆ ಕಾಣುತ್ತಿತ್ತು. ಸಂಶೋಧಕ ಅಲ್ಲಿ ತಡೆದು ನೋಡುತ್ತಿದ್ದ. ಗಣಕ ಜೋಡನ್ನು ಅಳಿಸಿ ನುಣುಪಾಗಿಸುತ್ತದೆ. ಭಿತ್ತಿಪತ್ರಕ್ಕೆ ಅದು ಗುಣ, ಶಾಸನಕ್ಕೆ ಗುಣವೆನ್ನಲಾಗದು. ಆದುದರಿಂದ ಜೋಡಿಸಿದ ಚಿತ್ರದೊಡನೆ ಬಿಡಿ ಚಿತ್ರಗಳನ್ನೂ ಅವುಗಳ ಅನುಕ್ರಮವನ್ನೂ ಕಾಯ್ದಿಡುವುದು ಹಾಳೆಗೆ ಸಂಖ್ಯೆ ಬರೆಯುತ್ತಿದ್ದ ಹಳೆಯ ಶಿಸ್ತಿನ ಮುಂದುವರಿಕೆಯಾಗಬೇಕು.

ಕೊಪ್ಪಳ ಜಿಲ್ಲೆಯ ಶಾಸನಗಳು ಈಗ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಪುಟದಲ್ಲಿ ಒಂದೆಡೆ ದೊರೆಯುತ್ತವೆ. ವಿದ್ಯಾರ್ಥಿ ಅಚ್ಚುಕಟ್ಟಾದ ಪಾಠವನ್ನು ತೆರೆದಾಗ, ಅದರ ಹಿಂದೆ ಬಂಡೆಯ ಮುಂದೆ ಕುಳಿತು ಒದ್ದೆ ಹಾಳೆಯ ಅಂಚನ್ನು ಸರಿಪಡಿಸಿದ ಕೈಗಳಿವೆಯೆಂಬುದನ್ನು ನೆನೆಯಬೇಕು. ಎಲ್ಲಿ ಪಾಠ ಕಲ್ಲಿನದು, ಎಲ್ಲಿ ಕಂಸದೊಳಗಿನದು. ಎಲ್ಲಿ ಎರಡು ದಾಖಲೆಗಳು ಹಾಯ್ದಿವೆ, ಎಲ್ಲಿ ಬರಿದೇ ತಾಗಿವೆ ಎಂದು ಕೇಳಿಕೊಂಡು ಓದುವುದೇ ಆ ಕೈಗಳಿಗೆ ಸಲ್ಲಿಸುವ ಗೌರವ. ದೊಡ್ಡ ಚಿತ್ರ ಬೇಕೆಂಬ ಆಸೆ ಸಹಜ. ಅದು ನಿಲ್ಲುವುದು ಮಾತ್ರ ಹಾಳೆಯ ನಡುವಿನಿಂದಲ್ಲ, ಅಂಚಿನಿಂದ.